ಕನ್ನಡಿಯಿಲ್ಲದ ಚಷ್ಮಾ ಅಂಗಡಿ

ಕಾಕಾರ ಅಂಗಡಿಯಲ್ಲಿ ಕನ್ನಡಿ ಇರಲಿಲ್ಲ. ನಿಪ್ಪಾಣಿಯ ಪೇಟೆಯಲ್ಲಿ ಚಷ್ಮಾ ಮಾಡಿಕೊಡುವ ಅಂಗಡಿ ಅದು. ಆದರೂ ಇರಲಿಲ್ಲ. ಹೊಸ ಚಷ್ಮಾ ಏರಿಸಿಕೊಂಡವರು ಮೊದಲು ಗೋಡೆ ನೋಡುತ್ತಿದ್ದರು, ಆಮೇಲೆ ಕಾಕಾರನ್ನು ನೋಡುತ್ತಿದ್ದರು.

"ಕನ್ನಡಿ ಎಲ್ಲಿ ಐತ್ರಿ ಕಾಕಾ? ನಾ ಹೆಂಗ ಕಾಣತೇನಿ ನೋಡಬೇಕಲ್ರಿ?"

"ನೀ ಹೆಂಗ ಕಾಣತಿ ಅನ್ನೂದನ್ನ ಮಂದಿ ನೋಡ್ಕೋತಾರ. ನಿನಗ ಮಂದಿ ಹೆಂಗ ಕಾಣತಾರ, ಅದನ್ನ ಹೇಳು."

ಗೋಡೆಗೆ ಅಕ್ಷರದ ಪಟ್ಟಿಯೂ ಇತ್ತು, ದೊಡ್ಡದರಿಂದ ಸಣ್ಣದಕ್ಕೆ ಇಳಿಯುವಂಥದ್ದು. ಅದನ್ನು ಅವರು ನಂಬುತ್ತಿರಲಿಲ್ಲ. ಬಂದವರನ್ನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ಕೆಲಸ ಏನು?" ಟೇಲರ್ ಎಂದರೆ ಸೂಜಿ ದಾರ ಕೈಗೆ ಕೊಡುತ್ತಿದ್ದರು. ಕಂಡಕ್ಟರ್ ಎಂದರೆ ಹೊರಗೆ ಕರೆದುಕೊಂಡು ಹೋಗಿ ದೂರದ ಬಸ್ಸಿನ ಬೋರ್ಡ್ ಓದಿಸುತ್ತಿದ್ದರು. ಬೀಡಿ ಕಟ್ಟುವ ಒಬ್ಬ ಮುದುಕಿ ಬಂದಾಗ ನಾನೇ ಅಲ್ಲಿ ಕೂತಿದ್ದೆ. ಕಾಕಾ ಅವಳಿಗೆ ಚಷ್ಮಾ ಹಾಕಿ, "ಕಟ್ಟು" ಅಂದರು. ಅವಳು ಮನೆಯಿಂದ ಎಲೆ, ತಂಬಾಕು, ದಾರ ತಂದಿದ್ದಳು. ತರಬೇಕೆಂದು ಕಾಕಾರೇ ಹಿಂದಿನ ದಿನ ಹೇಳಿ ಕಳಿಸಿದ್ದರು. ಅಲ್ಲೇ ಕಟ್ಟೆಯ ಮೇಲೆ ಕೂತು ಹತ್ತು ಬೀಡಿ ಕಟ್ಟಿದಳು. ಕಾಕಾ ಒಂದೊಂದನ್ನೂ ಎತ್ತಿ ದಾರದ ಗಂಟು ನೋಡಿದರು. ಮೂರು ಗಂಟು ಪಕ್ಕಕ್ಕೆ ಬಿದ್ದಿದ್ದವು. ಗಾಜು ಬದಲಿಸಿದರು. ಮತ್ತೆ ಹತ್ತು.

"ಡಾಕ್ಟರ್ ಚೀಟಿ ಕೊಟ್ಟಾನಲ್ರಿ ಕಾಕಾ, ನಂಬರ್ ಬರದಾನಲ್ಲ" ಎಂದಳು ಮುದುಕಿ.

"ಡಾಕ್ಟರ್ ಬೀಡಿ ಕಟ್ಟತಾನೇನು?"

ಇಂಥ ಮನುಷ್ಯ. ಗಿರಾಕಿಗೆ ಒಂದು ಕಪ್ಪು ಚಹಾ ಹೇಳುತ್ತಿರಲಿಲ್ಲ. ಬಣ್ಣದ ಫ್ರೇಮ್ ಕೇಳಿದರೆ ಮುಖ ಕೆಡಿಸಿಕೊಳ್ಳುತ್ತಿದ್ದರು. ಮದುವೆಗೆ ಕರಿ ಗಾಗಲ್ ಬೇಕು ಎಂದು ಬಂದ ಮದುಮಗನನ್ನು, "ಹೆಣ್ಣಿನ ಮಾರಿ ನೋಡೂದು ಬ್ಯಾಡೇನ್ ನಿಂಗ?" ಎಂದು ಹಿಂದಕ್ಕೆ ಕಳಿಸಿದ್ದರು. ಆ ಸಿಟ್ಟಿಗೆ ಆ ಮನೆಯವರು ಎದುರಿನ ಅಂಗಡಿ ಹಿಡಿದರು. ಕಾಕಾರಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ.

ಅವರಿಗೆ ಇನ್ನೊಂದು ಹುಚ್ಚು ಇತ್ತು. ಗಾಜು ತಿಕ್ಕುವ ಮಷೀನಿನ ಮೇಲಿನ ಹಲಗೆಯಲ್ಲಿ ಹಳೆಯ ರೇಡಿಯೋ. ಅದರಿಂದ ಹಿಂದಿನ ಬೇವಿನ ಮರದ ತನಕ ತಂತಿ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಯಾವುದೋ ಸಮುದ್ರದ ಆಚೆಯ ಸ್ಟೇಷನ್ ಹಚ್ಚುತ್ತಿದ್ದರು. ಹಿಂದೆ ಯಾವಾಗಲೋ ಆ ರೇಡಿಯೋದಲ್ಲಿ ಇಂಗ್ಲಿಷಿನ ಮೂಲಕ ಸ್ಪ್ಯಾನಿಷ್ ಕಲಿಸುತ್ತಿದ್ದರಂತೆ. ಕೇಳಿ ಕೇಳಿ, ನೋಟುಬುಕ್ಕು ತುಂಬಿಸಿ, ಕಾಕಾ ಸ್ಪ್ಯಾನಿಷ್ ಕಲಿತಿದ್ದರು. ಬೇರೆ ಯಾರಿಗೂ ಬಾರದ ಭಾಷೆ. ಇಪ್ಪತ್ತು ವರ್ಷಕ್ಕೂ ಮೇಲೆ, ಒಬ್ಬ ಮನುಷ್ಯನ ಜೊತೆಯೂ ಮಾತಾಡದೆ.

ಪೇಟೆಯ ಮಂದಿ ಚೇಷ್ಟೆ ಮಾಡುತ್ತಿದ್ದರು. ಎದುರಿನ ಹೊಟೇಲಿನವನಂತೂ ಮರಾಠಿಯಲ್ಲಿ, "ಕಾಯ್ ಕಾಕಾ, ಸ್ಪೇನ್ ಕಾಯ್ ಮ್ಹಣ್‌ತೋಯ್?" ಎಂದು ದಿನವೂ ಕೇಳುತ್ತಿದ್ದ. ಸ್ಪೇನ್ ಏನಂತೈತಿ ಅಂತ. ನಾನೂ ಒಮ್ಮೆ ಕೇಳಿದ್ದೆ.

"ಏನ್ ಉಪಯೋಗ್ರಿ ಕಾಕಾ ಅದು?"

"ಅಷ್ಟ್ ದೂರದಿಂದ ನನ್ನ ಅಂಗಡೀತನಕ ಬರತೈತಿ. ಬಾಗಿಲಕ್ಕ ಬಂದವರನ್ನ ಮಾತಾಡಸಬಾರದ?"

ನಾನು ನಕ್ಕಿದ್ದೆ. ಈಗ ಬರೆಯುತ್ತಾ ಕೂತವನೂ ನಾನೇ.

ನಾನು ನಿಪ್ಪಾಣಿ ಹತ್ತಿರದ ಭೋಜ ಊರಿನವನು, ಪೇಟೆಗೆ ಬಂದಾಗಲೆಲ್ಲಾ ಕಾಕಾರ ಕಟ್ಟೆಯ ಮೇಲೆ ಕೂಡುವವನು. ಎಂಟನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟೆ, ಟ್ರ್ಯಾಕ್ಟರ್ ಹಿಡಿದೆ. ಸೀಜನ್ನಿನಲ್ಲಿ ಫ್ಯಾಕ್ಟರಿಗೆ ಕಬ್ಬು ಹೊಡೆಯುತ್ತೇನೆ, ಹಿಂದೆ ಎರಡು ಟ್ರೇಲರ್. ಎಷ್ಟು ಹಿಡಿಯುತ್ತದೋ ಅಷ್ಟಲ್ಲ, ಎಷ್ಟು ನಿಲ್ಲುತ್ತದೋ ಅಷ್ಟು ತುಂಬುತ್ತೇವೆ. ಎಲ್ಲರೂ ತುಂಬುತ್ತಾರೆ. ಕಬ್ಬು ಆಚೆ ಈಚೆ ಚಾಚಿಕೊಂಡಿರುತ್ತದೆ.

ಮೂರು ವರ್ಷದ ಹಿಂದೆ ಅಂಥದ್ದೊಂದು ಕಬ್ಬು ಒಬ್ಬನ ಕಣ್ಣಿಗೆ ಬಡಿಯಿತು.

ಸೈಕಲ್ಲಿನ ಮೇಲೆ ಊರೂರು ತಿರುಗುವ ಫಾರಿನ್ ಮನುಷ್ಯ. ಐವತ್ತರ ಮೇಲಿನ ವಯಸ್ಸು, ಸೈಕಲ್ಲಿನ ಎರಡೂ ಕಡೆ ಚೀಲ. ರಸ್ತೆಯ ಎಡಕ್ಕೆ ತನ್ನ ಪಾಡಿಗೆ ತಾನು ಹೊರಟಿದ್ದ. ನಾನು ಹಾಡು ಹಚ್ಚಿಕೊಂಡು ಅವನನ್ನು ದಾಟಿದೆ. ಟ್ರ್ಯಾಕ್ಟರ್ ದಾಟಿತು, ಮೊದಲ ಟ್ರೇಲರ್ ದಾಟಿತು, ಎರಡನೆಯ ಟ್ರೇಲರಿನಿಂದ ಚಾಚಿದ್ದ ಕಬ್ಬಿನ ರವದಿ, ಅದರ ಒಣಗಿದ ಗರಿ, ಅವನ ಬಲಗಣ್ಣಿನ ಮೇಲೆ ಎಳೆದುಕೊಂಡು ಹೋಯಿತು. ನನಗೆ ಗೊತ್ತೇ ಆಗಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈದ ಮೇಲೆ ನಿಲ್ಲಿಸಿದೆ. ಓಡಿ ಹೋಗಬಹುದಿತ್ತು. ಹೋಗಲಿಲ್ಲ. ದೊಡ್ಡತನದಿಂದ ಅಲ್ಲ, ಹಿಂದೆ ನಾಲ್ಕು ಗಾಡಿ ನಿಂತಿದ್ದವು.

ಅವನು ರಸ್ತೆಯ ಅಂಚಿಗೆ ಕೂತು ಕಣ್ಣು ಮುಚ್ಚಿಕೊಂಡಿದ್ದ. ನನ್ನನ್ನು ಕಂಡು ಹೆಬ್ಬೆರಳು ಎತ್ತಿ ತೋರಿಸಿದ, ಏನೂ ಆಗಿಲ್ಲ ಅನ್ನುವ ಹಾಗೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ನಿಪ್ಪಾಣಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಔಷಧ ಹಾಕಿ ಪಟ್ಟಿ ಕಟ್ಟಿದರು. ಎರಡು ದಿನ ಲಾಡ್ಜಿನಲ್ಲಿದ್ದ. ನೋವು ಕಡಿಮೆಯಾಯಿತು, ಅವನು ಚೀಲ ಕಟ್ಟಿದ. ಹೊರಡುವ ಮೊದಲು ಇನ್ನೊಮ್ಮೆ ತೋರಿಸಲಿಕ್ಕೆ ಹೋದಾಗ ಡಾಕ್ಟರು ಮಷೀನಿನಲ್ಲಿ ನೋಡಿ, ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕಿ ಕಾಣಿಸಿತ್ತು. ರವದಿಯ ಬೂಸರು ಒಳಗೆ ಹಿಡಿದಿದೆ ಅಂದರು. ತಾಸಿಗೊಮ್ಮೆ ಔಷಧ ಬಿಡಬೇಕು, ಮೂರು ವಾರವಾದರೂ ಊರು ಬಿಡಬಾರದು, ಬಿಟ್ಟರೆ ಚುಕ್ಕಿ ನಡುವಿಗೆ ಹರಡಿ ಆ ಕಣ್ಣು ಹೋಗುತ್ತದೆ.

ಇದನ್ನು ಅವನಿಗೆ ಹೇಳುವುದು ಹೇಗೆ? ಅವನಿಗೆ ಇಂಗ್ಲಿಷು ನನಗೆ ಬಂದಷ್ಟೇ ಬರುತ್ತಿತ್ತು. ಡಾಕ್ಟರು ಅವನ ಪಾಸ್‌ಪೋರ್ಟ್ ನೋಡಿ ಭಾಷೆ ಗೊತ್ತುಮಾಡಿಕೊಂಡು, ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಸ್ಪ್ಯಾನಿಷಿಗೆ ತಿರುಗಿಸಿ ತೋರಿಸಿದರು. ಅವನು ಓದಿದ. ತಲೆಯಾಡಿಸಿದ. ಮತ್ತೆ ಅದೇ ಹೆಬ್ಬೆರಳು. ಆಮೇಲೆ ತನ್ನ ಮೊಬೈಲಿನಲ್ಲಿ ಒಂದು ಹುಡುಗಿಯ ಫೋಟೋ ತೋರಿಸಿ, "ಗೋವಾ, ಗೋವಾ" ಎಂದು ಬೆರಳು ಮಡಚಿ ಆರು ಎಣಿಸಿದ. ಮಗಳು ಆರು ದಿನಕ್ಕೆ ಗೋವಾಕ್ಕೆ ಬಂದಿಳಿಯುತ್ತಾಳೆ, ತಾನು ಸೈಕಲ್ ಹೊಡೆದುಕೊಂಡು ಅಲ್ಲಿಗೆ ಮುಟ್ಟಬೇಕು.

ಡಾಕ್ಟರು ಕೈಚೆಲ್ಲಿದರು. "ತಿಳಿಸಿ ಹೇಳಿದ್ದೇವೆ, ಆದರೂ ಹೋಗ್ತಿದ್ದಾನೆ ಅಂತ ಒಂದು ಕಾಗದ ಮಾಡ್ತೀನಿ. ಸಹಿ ಹಾಕಿ ಹೋಗಲಿ. ನಾಳೆ ನನ್ನ ಮೇಲೆ ಬರಬಾರದು. ಸ್ಪ್ಯಾನಿಷ್ ಬರೋರು ಯಾರಾದರೂ ಇದ್ದರೆ ಕಾಗದದ ಮೇಲೆ ಆ ಭಾಷೆಯಲ್ಲೂ ಬರೆಸು."

ಇಡೀ ತಾಲೂಕಿನಲ್ಲಿ ಅಂಥವರು ಒಬ್ಬರೇ ಇದ್ದರು. ಓಡಿದೆ.

ಕಾಕಾ ಗಾಜು ತಿಕ್ಕುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಮಷೀನು ನಿಲ್ಲಿಸಿದರು. ಕೈ ತೊಳೆದರು. ಗೂಟಕ್ಕೆ ಹಾಕಿದ್ದ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. ದವಾಖಾನೆಯ ಮೆಟ್ಟಿಲ ಮೇಲೆ ನಿಂತು ತುಟಿ ಅಲ್ಲಾಡಿಸಿಕೊಂಡರು, ಮಕ್ಕಳು ಪಾಠ ಒಪ್ಪಿಸುವ ಮೊದಲು ಮಾಡುವ ಹಾಗೆ. ಒಳಗೆ ಹೋಗಿ ಅವನೆದುರು ನಿಂತು ನಿಧಾನವಾಗಿ ಒಂದು ವಾಕ್ಯ ಹೇಳಿದರು.

ಅವನು ಕುರ್ಚಿ ಬಿಟ್ಟು ಎದ್ದ. ಮೂರು ದಿನದ ಮಾತು ಒಮ್ಮೆಲೇ ಒಡೆದು ಬಂತು. ಕಾಕಾರ ಎರಡೂ ಕೈ ಹಿಡಿದು ಮಾತಾಡಿಯೇ ಮಾತಾಡಿದ. ಕಾಕಾರ ಮುಖ ಬಿಳಿಚಿಕೊಂಡಿತು. ಒಂದು ಶಬ್ದವೂ ಅವರಿಗೆ ಹತ್ತಿದಂತೆ ಕಾಣಲಿಲ್ಲ. ಪೇಟೆಯ ಮಂದಿ ಚೇಷ್ಟೆ ಮಾಡಿದ್ದೇ ಖರೆ, ಇವರಿಗೆ ಏನೂ ಬರುವುದಿಲ್ಲ ಎಂದುಕೊಂಡೆ.

ಆಗ ಕಾಕಾ ಕೈ ಮುಗಿದರು. "ದೆಸ್ಪಾಸಿಯೋ" ಎಂದರು. "ದೆಸ್ಪಾಸಿಯೋ." ನನ್ನ ಕಡೆ ತಿರುಗಿ, "ಸಾವಕಾಶ ಮಾತಾಡು ಅಂದೆ. ರೇಡಿಯೋದಾಗ ಇಷ್ಟ್ ಜೋರ್ ಓಡಸಾಂಗಿಲ್ಲ ಅವರು" ಎಂದರು.

ಅವನು ನಕ್ಕು, ಒಂದೊಂದೇ ಶಬ್ದ ಎತ್ತಿಟ್ಟ. ಕಾಕಾ ಒಂದೊಂದೇ ಎತ್ತಿಕೊಂಡರು. ಮೊದಲ ಸಲ ಅವರ ಸ್ಪ್ಯಾನಿಷಿಗೆ ಯಾರೋ ಉತ್ತರ ಕೊಡುತ್ತಿದ್ದರು. ಹದಿನೈದು ನಿಮಿಷವಾದ ಮೇಲೆ ಅವನು ಏನೋ ಅಂದ, ಇಬ್ಬರೂ ನಕ್ಕರು.

"ಏನಂದ್ರಿ ಕಾಕಾ?"

"ನಾ ಅವರ ಅಜ್ಜನ ಕಾಲದ ವಾರ್ತಾ ಓದೂ ಮನಶ್ಯಾನಂಗ ಮಾತಾಡತೇನಂತ."

ಆದರೆ ಅವನು ಹೋಗುವುದು ಬಿಡಲಿಲ್ಲ. ನೋವು ಇಲ್ಲ, ಮಗಳು ಬರುತ್ತಾಳೆ. ಡಾಕ್ಟರು ಕಾಗದ ಮುಂದಿಟ್ಟರು. ಅದರಲ್ಲಿ ಒಂದು ಇಂಗ್ಲಿಷ್ ಶಬ್ದದ ಕೆಳಗೆ ಗೆರೆ ಎಳೆದಿದ್ದರು: ವಿಜನ್. ವಿಜನ್, ಅಂದರೆ ದೃಷ್ಟಿ, ಹೋಗುವ ಅಪಾಯ ಇದೆ ಎಂದು.

"ಇದೊಂದು ಶಬ್ದ ಮುಖ್ಯ. ಇದನ್ನ ಸ್ಪ್ಯಾನಿಷಿನಲ್ಲಿ ಬರೀರಿ, ಸಾಕು" ಅಂದರು ಡಾಕ್ಟರು.

ಕಾಕಾ ಪೆನ್ನು ತೆಗೆದುಕೊಂಡು ಬರೆಯಲಿಲ್ಲ. "ಮೊಬೈಲ್‌ದಾಗ ಈ ಶಬ್ದ ತೋರಸಿದ್ರಿ ಹೌದಿಲ್ಲೋ?"

"ತೋರಿಸಿದೆ. ವಿಸಿಯೋನ್ ಅಂತ ಏನೋ ಬಂತು."

"ಬರೋಬರ ಐತ್ರಿ. ಅದರಾಗ ತಪ್ಪಿಲ್ಲ. ಮನಿ ಮಂದಿ ವಿಸ್ತಾ ಅಂತಾರ, ಅದೂ ನಡೀತೈತಿ. ಆದ್ರ ಅಂವಾ ಎರಡೂ ಶಬ್ದ ಹುಟ್ಟಿದಾಗಿಂದ ಕೇಳ್ಯಾನ್ರಿ. ಕೇಳಿ ಕೇಳಿ ನುಣ್ಣಗ ಆಗ್ಯಾವು. ಹಿಂಗ ಬಂದು ಹಂಗ ಜಾರಿ ಹೋದುವು."

"ಒಂದು ಶಬ್ದಕ್ಕೆ ಎಷ್ಟು ಹೊತ್ತು ರೀ?"

"ನಾಳಿ ಸಂಜೀತನಕ ಕೊಡ್ರಿ. ಅಲ್ಲೀತನ ಅವನನ್ನ ಬಿಡಬ್ಯಾಡ್ರಿ. ಚುಕ್ಕಿ ನಡುವ ಬಂದ್ರ ಅಂವಗ ಹೆಂಗ ಕಾಣತೈತಿ, ಅದನ್ನಷ್ಟ ಹೇಳ್ರಿ ನಂಗ."

ಡಾಕ್ಟರು ಬೇಸರದಿಂದಲೇ ಹೇಳಿದರು. ಬಚ್ಚಲ ಕಿಟಕಿಯ ಮಬ್ಬು ಗಾಜಿನ ಹಾಗೆ. ಬೆಳಕು ಬಿದ್ದರೆ ಒಡೆದು ಹರಡುತ್ತದೆ. ಎಡಗಣ್ಣು ಚೆನ್ನಾಗಿರುತ್ತದೆ.

ಹೊರಡುವ ಮೊದಲು ಕಾಕಾ ಆ ಮನುಷ್ಯನಿಗೆ ತಮ್ಮ ಮಾಮೂಲು ಪ್ರಶ್ನೆ ಕೇಳಿದರು. ಕೆಲಸ ಏನು? ಅವನು ಗಾಳಿಯಲ್ಲಿ ಮೊಳೆ ಹೊಡೆದು ತೋರಿಸಿದ. ಊರಲ್ಲಿ ಬಡಿಗ.

ಮರುದಿನ ಬೆಳಿಗ್ಗೆ ನಾನು ಅಂಗಡಿಗೆ ಹೋದಾಗ ಕಾಕಾ ಒಂದು ನಂಬರಿಲ್ಲದ ಸಾದಾ ಗಾಜನ್ನು ಪುಡಿ ಹಾಕಿ ತಿಕ್ಕುತ್ತಿದ್ದರು. ನಡುವೆ ಹಾಲು ಬಿದ್ದ ಹಾಗೆ ಮಬ್ಬಾಗುವ ತನಕ ತಿಕ್ಕಿದರು. ಬೆಳಕಿಗೆ ಹಿಡಿದು ನೋಡಿದರು, ಮತ್ತೆ ತಿಕ್ಕಿದರು. ಕಣ್ಣು ತಪಾಸಣೆ ಮಾಡುವಾಗ ಮೂಗಿನ ಮೇಲೆ ಇಡುತ್ತಾರಲ್ಲ, ಗಾಜು ಹಾಕಿ ತೆಗೆಯುವ ಭಾರದ ಕಬ್ಬಿಣದ ಫ್ರೇಮು, ಅದರ ಬಲಗಡೆಗೆ ಆ ಗಾಜು ಕೂಡಿಸಿದರು. ಎಡಗಡೆ ತಮ್ಮ ನಂಬರಿನದು. ಹಾಕಿಕೊಂಡರು.

"ಯಾರದರೆ ಒಂದು ಸೈಕಲ್ ತಾ" ಅಂದರು.

"ಯಾರಿಗ್ರಿ?"

"ನಂಗ."

ಅರವತ್ತೆಂಟು ವರ್ಷದ ಮನುಷ್ಯ. ಹೊಟೇಲಿನವನ ಸೈಕಲ್ ತಂದೆ. ಕಾಕಾ ಹತ್ತಿದರು, ನಾನು ಹಿಂದೆ ಹಿಡಿದುಕೊಂಡು ಓಡಿದೆ. ಪೇಟೆಯ ನಡುವೆ, ಮೂಗಿನ ಮೇಲೆ ಆ ಕಬ್ಬಿಣದ ಯಂತ್ರ ಹೊತ್ತುಕೊಂಡು.

"ಕಾಕಾ, ಕಣ್ಣಾಗ ಮಜ್ಜಿಗಿ ಹಾಕ್ಕೊಂಡೀರೇನ್ರಿ?" ಎಂದು ಒಬ್ಬ ಕೂಗಿದ.

"ಸ್ಪೇನ್‌ಕ್ಕ ಹೊಂಟಾರ್ ಬಿಡಲೇ!" ಎಂದ ಇನ್ನೊಬ್ಬ.

"ಕೈ ಬಿಡು" ಅಂದರು ಕಾಕಾ ನನಗೆ.

"ಬೀಳ್ತೀರಿ ಕಾಕಾ."

"ನೀ ಹಿಡದ್ರ ನಂಗೇನ್ ಗೊತ್ತಾಗತೈತಿ? ಬಿಡಲೇ!"

ಬಿಟ್ಟೆ. ಪೇರಲದ ಗಾಡಿ ಇನ್ನೂ ದೂರ ಇತ್ತು ಎಂದು ಅವರಿಗೆ ಕಂಡಿತಂತೆ. ಇರಲಿಲ್ಲ. ಪೇರಲ ರಸ್ತೆಯ ತುಂಬಾ ಉರುಳಿದವು. ಗಾಡಿಯವಳು ಬೈಯತೊಡಗಿದಳು. ಕಾಕಾ ರಸ್ತೆಯ ಮೇಲೆ ಕೂತಲ್ಲೇ ಜೇಬಿನಿಂದ ಚೀಟಿ ತೆಗೆದು ಏನೋ ಬರೆದುಕೊಂಡರು. ಬೈಯುತ್ತಿದ್ದವಳು ಬೈಗುಳ ಬಿಟ್ಟು, "ಏನ್ ಬರಿಯಾಕತ್ತಾರವಾ ಇವರು!" ಅಂದಳು.

ವಾಪಸು ಬಂದು ಚಹಾ ಹೇಳಿದರು. ಆ ಅಂಗಡಿಯಲ್ಲಿ ನಾನು ಕಂಡ ಮೊದಲ ಚಹಾ. ಕುಡಿಯಲಿಕ್ಕೆ ಅಲ್ಲ. ಕಿಟ್ಲಿಯಿಂದ ಕಪ್ಪಿಗೆ ಸುರಿದರು. ಚಹಾ ಕಪ್ಪಿನ ಪಕ್ಕಕ್ಕೆ ಬಿತ್ತು. ಬರೆದುಕೊಂಡರು. ಬಿಸಿಲಿಗೆ ಹೋಗಿ ಸೂರ್ಯನ ಕಡೆ ಮುಖ ಮಾಡಿ ನಿಂತರು. ಬರೆದುಕೊಂಡರು. ಆಮೇಲೆ ಸುತ್ತಿಗೆ ಕೇಳಿದರು, ಒಂದು ಹಲಗೆ, ಒಂದು ಮೊಳೆ.

"ಅದೊಂದು ಬ್ಯಾಡ್ರಿ ಕಾಕಾ. ತಿಳೀತಲ್ರಿ ಇಷ್ಟಕ್ಕ."

"ನಂಗ ತಿಳೀತು. ಅಂವಾ ಬಡಗ್ಯಾ ಅದಾನ. ಅವನ ಶಬ್ದ ಸುತ್ತಗ್ಯಾಗ ಐತಿ."

ಎತ್ತಿದರು, ಹೊಡೆದರು. ಸುತ್ತಿಗೆ ಎಡಗೈಯ ಹೆಬ್ಬೆರಳಿನ ಮೇಲೆ ಬಿತ್ತು. ಕಾಕಾ ಬೆರಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತರು. ನಾನು ಫ್ರೇಮು ತೆಗೆಯಲು ಹೋದರೆ ತಲೆ ಅಲ್ಲಾಡಿಸಿದರು. ಇನ್ನೊಂದು ಮೊಳೆ ಹಿಡಿದರು. ಸುತ್ತಿಗೆ ಎತ್ತಿದರು. ಆ ಕೈ ಮೇಲೇ ನಿಂತಿತು, ಇಳಿಯಲಿಲ್ಲ. ಕೊನೆಗೆ ಸುತ್ತಿಗೆ ಕೆಳಗಿಟ್ಟು ಚೀಟಿ ತೆಗೆದುಕೊಂಡರು.

ಮಧ್ಯಾಹ್ನ ಊಟ ಬಿಟ್ಟು ಬರೆದರು. ಮೊದಲು ಹಾಳೆಯ ಮೇಲೆ ವಿಸ್ತಾ ಎಂದು ಬರೆದು ಹೊಡೆದು ಹಾಕಿದ್ದರು. ಕೆಳಗೆ ಹತ್ತು ಹನ್ನೊಂದು ಸಾಲು. ಸಂಜೆ ದವಾಖಾನೆಗೆ ಹೋಗುವ ದಾರಿಯಲ್ಲಿ ನಿಂತು ನನಗೆ ಕನ್ನಡದಲ್ಲಿ ಹೇಳಿದರು. ನನಗೆ ಇವತ್ತಿಗೂ ನೆನಪಿದೆ.

"ನೀ ಕುರುಡ ಆಗೂದಿಲ್ಲ. ಎಲ್ಲಾ ಕಾಣತೈತಿ. ಎಷ್ಟ್ ದೂರ ಐತಿ ಅನ್ನೂದಷ್ಟ ಕಾಣೂದಿಲ್ಲ. ನಾ ಇವತ್ತ ನಿನ್ನ ಕಣ್ಣ ಹಾಕ್ಕೊಂಡು ಸೈಕಲ್ ಹತ್ತಿದೆ. ಗಾಡಿ ದೂರ ಇತ್ತು, ಮತ್ತ ಅದರ ಮ್ಯಾಲ ಬಿದ್ದೆ. ಚಹಾ ಸುರವಿದೆ, ಕಪ್ ಅಲ್ಲಿರಲಿಲ್ಲ. ಬಿಸಲಿಗೆ ನಿಂತೆ, ಕೆಟ್ಟ ಕಣ್ಣಾನ ಬೆಳಕು ಒಡದು ಛಲೋ ಕಣ್ಣಿಗೂ ಕೆಲಸ ಮಾಡಗೊಡಲಿಲ್ಲ. ಒಂದು ಮೊಳಿ ಹೊಡದೆ, ಬೆರಳಿಗೆ ಬಿತ್ತು. ಎರಡನೇದು ಹೊಡ್ಯಾಕ ಅಂಜಿಕಿ ಬಂತು. ನೀ ದಿನಕ್ಕ ಎಷ್ಟ್ ಮೊಳಿ ಹೊಡೀತಿ?"

ದವಾಖಾನೆಯಲ್ಲಿ ಆ ಮನುಷ್ಯ ಚೀಲ ಕಟ್ಟಿಕೊಂಡೇ ಕೂತಿದ್ದ. ಡಾಕ್ಟರ ಕಾಗದ ಮೇಜಿನ ಮೇಲಿತ್ತು. ಕಾಕಾ ತಮ್ಮ ಹಾಳೆ ಕೊಟ್ಟರು. ಅವನು ಮೊದಲು ಹೊಡೆದು ಹಾಕಿದ ಶಬ್ದ ನೋಡಿ ಮುಗುಳ್ನಕ್ಕ. ಆಮೇಲೆ ಒಂದು ಕಣ್ಣಿನಿಂದ ನಿಧಾನ ಓದಿದ. ಚಹಾದ ಸಾಲಿಗೆ ಬಂದಿರಬೇಕು, ತಲೆ ಎತ್ತಿ ತನ್ನ ನೀರಿನ ಲೋಟದ ಕಡೆ ನೋಡಿದ. ಮೂರು ದಿನದಿಂದ ಅವನೂ ಲೋಟದ ಹೊರಗೆ ನೀರು ಚೆಲ್ಲಿ ನಗುತ್ತಿದ್ದ, ನಾನೇ ಕಂಡಿದ್ದೆ. ಪಟ್ಟಿ ಕಟ್ಟಿದ್ದಕ್ಕೆ ಹಾಗೆ, ಬಿಚ್ಚಿದರೆ ಹೋಗುತ್ತದೆ ಎಂದುಕೊಂಡಿದ್ದನೋ ಏನೋ.

ಕೊನೆಯ ಸಾಲು ಓದಿ ಹಾಳೆ ಕೆಳಗಿಟ್ಟ. ಕಾಕಾರ ಎಡಗೈ ಹಿಡಿದು ತನ್ನ ಕಡೆ ಎಳೆದುಕೊಂಡ. ಹೆಬ್ಬೆರಳು ಬಾತಿತ್ತು, ಉಗುರು ಕಪ್ಪಾಗಿತ್ತು. ಅದನ್ನು ಬಹಳ ಹೊತ್ತು ನೋಡಿದ. ಬಡಿಗನಿಗೆ ಆ ಉಗುರು ಏನೆಂದು ಯಾರೂ ತಿರುಗಿಸಿ ಹೇಳಬೇಕಾಗಿರಲಿಲ್ಲ. ಅವನ ಹೆಬ್ಬೆರಳು ಈ ಸಲ ಮೇಲೇಳಲಿಲ್ಲ. ಚೀಲದ ಹಗ್ಗ ಬಿಚ್ಚತೊಡಗಿದ.

"ಸಹಿ?" ಎಂದರು ಡಾಕ್ಟರು.

"ಸಹಿ ಬ್ಯಾಡ್ರಿ" ಎಂದರು ಕಾಕಾ. "ಇರತಾನಂತ."

ಇಪ್ಪತ್ತಾರು ದಿನ ಇದ್ದ. ಲಾಡ್ಜು ಬಿಡಿಸಿ ಕಾಕಾ ತಮ್ಮ ಮನೆಗೆ ಕರೆದುಕೊಂಡು ಹೋದರು. ತಾಸಿಗೊಮ್ಮೆ ಔಷಧ ಬಿಡಲಿಕ್ಕೆ ನಾನು, ಕಾಕಾ ಪಾಳಿ ಹಚ್ಚಿಕೊಂಡೆವು. ಮಗಳು ಗೋವಾದಿಂದ ಬಸ್ಸು ಹತ್ತಿ ನಿಪ್ಪಾಣಿಗೇ ಬಂದಳು. ಚುಕ್ಕಿ ನಡುವಿಗೆ ಹರಡಲಿಲ್ಲ. ಅಂಚಿನಲ್ಲಿ ಸಣ್ಣ ಬಿಳಿ ಕಲೆಯಾಗಿ ನಿಂತಿತು. ಹೋಗುವ ಮೊದಲು ಕಾಕಾ ಅವನನ್ನು ಅಂಗಡಿಗೆ ಕರೆದು ಸುತ್ತಿಗೆ, ಮೊಳೆ ಕೊಟ್ಟರು. ಒಂದೇ ಏಟಿಗೆ ಹೊಡೆದ. "ಪಾಸ್" ಅಂದರು ಕಾಕಾ. ಆ ಹಾಳೆಯನ್ನು ಅವನು ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡು ಹೋದ. ಮೊಳೆ ಇನ್ನೂ ಅಂಗಡಿಯ ಬಾಗಿಲ ಚೌಕಟ್ಟಿನಲ್ಲಿದೆ.

ಅವನು ನನ್ನ ಕೈಯನ್ನೂ ಕುಲುಕಿದ. ಕ್ಷಮೆ ಕೇಳುವ ಮಾತು ಅವನ ಭಾಷೆಯಲ್ಲಿ ಏನು ಎಂದು ಕಾಕಾರನ್ನು ಕೇಳಬೇಕು ಎಂದು ಇಪ್ಪತ್ತಾರು ದಿನವೂ ಅಂದುಕೊಂಡಿದ್ದೆ, ಕೇಳಲಿಲ್ಲ. ಕಾಕಾರೂ ಒಂದು ದಿನವೂ ನನ್ನ ಟ್ರೇಲರಿನ ಸುದ್ದಿ ಎತ್ತಲಿಲ್ಲ.

ಈ ಸಲ ಫ್ಯಾಕ್ಟರಿ ಸುರುವಾಗುವ ವಾರದಲ್ಲಿ ಕಾಕಾ ತೀರಿಕೊಂಡರು. ಮಣ್ಣು ಮಾಡಿ ಮುಗಿದ ಮೇಲೆ ಅವರ ಅಳಿಯ ಅಂಗಡಿ ಖಾಲಿ ಮಾಡುವಾಗ ನನ್ನನ್ನು ಕರೆದ. ಒಂದು ಡಬ್ಬಿಯ ಮೇಲೆ ನನ್ನ ಹೆಸರು ಬರೆದಿತ್ತು. ಒಳಗೆ ಅದೇ ಕಬ್ಬಿಣದ ಫ್ರೇಮು. ಬಲಗಡೆ ಅದೇ ಮಬ್ಬು ಗಾಜು. ಚೀಟಿ ಇರಲಿಲ್ಲ.

ಎಂಟು ದಿನ ಅದು ಟ್ರ್ಯಾಕ್ಟರಿನ ಸೀಟಿನ ಕೆಳಗೆ ಬಿದ್ದಿತ್ತು. ನಿನ್ನೆ ಕಬ್ಬು ತುಂಬಿ ರಸ್ತೆಗೆ ತಂದು ನಿಲ್ಲಿಸಿ, ತೆಗೆದು ಹಾಕಿಕೊಂಡೆ. ಎರಡನೆಯ ಟ್ರೇಲರಿನ ಎಡಕ್ಕೆ ಹೋಗಿ ನಿಂತೆ, ಆ ದಿನ ಅವನು ಇದ್ದ ಕಡೆ. ಎಲ್ಲಾ ಕಾಣಿಸಿತು. ಕಬ್ಬು, ಹಗ್ಗ, ರವದಿ. ಒಂದು ಕಬ್ಬು ನನ್ನ ಕಡೆ ಚಾಚಿಕೊಂಡಿತ್ತು. ಸಾಕಷ್ಟು ದೂರ ಇದೆ ಎಂದು ಹೆಜ್ಜೆ ಇಟ್ಟೆ. ಫ್ರೇಮಿಗೆ ಕಟ್ ಅಂತ ಬಡಿಯಿತು.

ಫ್ರೇಮು ತೆಗೆದು ಡಬ್ಬಿಗೆ ಇಟ್ಟೆ. ಸೀಟಿನ ಹಿಂದಿನಿಂದ ಕಬ್ಬು ಕಡಿಯುವ ಕೊಯ್ತಾ ತೆಗೆದುಕೊಂಡೆ. ಮುಂದಿನಿಂದ ಹಿಡಿದು, ಹೊರಗೆ ಚಾಚಿದ್ದನ್ನೆಲ್ಲಾ ಕಡಿಯುತ್ತಾ ಬಂದೆ.

ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಮೇಲೆ ಹಾರ್ನ್ ಹೊಡೆದ. "ಏ, ಫ್ಯಾಕ್ಟರೀದಾಗ ಪಾಳಿ ತಪ್ಪತೈತಲೇ! ಏನ್ ನೋಡಾಕತ್ತೀ ಅಷ್ಟೊತ್ತು?"

"ತಡೀಲೇ" ಅಂದೆ. "ಇನ್ನೊಂದ್ ಕಡೆ ಉಳದೈತಿ."